ಬಂಪರ್ ಹನ್ನೊಂದು ತಿಂಗಳು ಪೀಣ್ಯದಲ್ಲಿತ್ತು

ಅಪ್ಪನ 1976ರ ಪ್ರೀಮಿಯರ್ ಪದ್ಮಿನಿಯ ಮುಂದಿನ ಬಂಪರನ್ನು ಹೊಸದಾಗಿ ಕ್ರೋಮ್ ಹಾಕಿಸಲು ಪೀಣ್ಯದ ಒಂದು ಪ್ಲೇಟಿಂಗ್ ಶಾಪಿಗೆ ಕೊಟ್ಟಿದ್ದು ಶ್ರಾವಣದಲ್ಲಿ. "ಹದಿನೈದು ದಿನ ಸಾರ್, ಕನ್ನಡಿ ಥರ ಮಾಡಿ ಕೊಡ್ತೀವಿ" ಅಂದರು. ಅದು ಮನೆಗೆ ಬಂದಿದ್ದು ಮುಂದಿನ ಆಷಾಢಕ್ಕೆ. ನಡುವೆ ಗಣೇಶನ ಹಬ್ಬ, ದಸರಾ, ದೀಪಾವಳಿ, ಸಂಕ್ರಾಂತಿ, ಯುಗಾದಿ ಎಲ್ಲ ಆಗಿಹೋದವು. ಆಯುಧಪೂಜೆ ದಿನ ಅಪ್ಪ ಎಂದಿನಂತೆ ಗಾಡಿ ತೊಳೆಸಿ, ವಿಭೂತಿ ಗಟ್ಟಿ ಹಿಡಿದು ಮುಂದೆ ಬಂದು ನಿಂತರು. ಪ್ರತಿವರ್ಷ ಬಂಪರಿನ ನಟ್ಟನಡುವೆ ಮೂರು ಬೆರಳಲ್ಲಿ ವಿಭೂತಿ ಎಳೆಯುವುದು ಅವರ ರೂಢಿ. ಆ ವರ್ಷ ಅಲ್ಲಿ ತುಕ್ಕು ಹಿಡಿದ ಎರಡು ಬ್ರಾಕೆಟ್ ಮಾತ್ರ ಇದ್ದವು. ಒಂದು ಕ್ಷಣ ಕೈ ಗಾಳಿಯಲ್ಲೇ ನಿಂತಿತು. ಆಮೇಲೆ ಬಾನೆಟ್ ಮೇಲೆ ಎಳೆದು, ಏನೂ ಅನ್ನದೆ ಕಾಯಿ ಒಡೆದರು.

ಹಳೆ ಗಾಡಿ ಇಟ್ಟುಕೊಂಡವರಿಗೆಲ್ಲ ಈ ಕಾಯುವಿಕೆ ಗೊತ್ತು. ನಾನು ಬ್ಯಾಂಕಿನಲ್ಲಿದ್ದೇನೆ, ಮನೆ ತುಮಕೂರಿನಲ್ಲಿ. ಎರಡನೇ ಮತ್ತು ನಾಲ್ಕನೇ ಶನಿವಾರ ರಜೆ. ಬೆಂಗಳೂರಿಗೆ ಹೋಗುವಾಗ ಪೀಣ್ಯ ದಾರಿಯಲ್ಲೇ ಸಿಗುತ್ತೆ, ಹಾಗಾಗಿ ಅಲ್ಲೇ ಕೊಟ್ಟಿದ್ದೆ. ವಾರಕ್ಕೊಂದು ಸಲ ಫೋನ್ ಮಾಡುತ್ತಿದ್ದೆ. ಒಂದು ವಾರ ನಿಕಲ್ ಬಂದಿಲ್ಲ, ಒಂದು ವಾರ ಬಫಿಂಗ್ ಹುಡುಗ, ಅಂದರೆ ಉಜ್ಜಿ ಹೊಳಪು ಕೊಡುವವನು, ಊರಿಗೆ ಹೋಗಿದಾನೆ, ಇನ್ನೊಂದು ವಾರ ಕರೆಂಟ್ ಇಲ್ಲ. ಎಲ್ಲ ಸುಳ್ಳು ಅಂತಲೇ ನಂಬಿದ್ದೆ. ಒಂದು ದಿನ ಫೋನಿನಲ್ಲೇ ಜೋರಾಗಿ ಬೈದೆ. ಆಮೇಲೆ ಒಂದು ತಿಂಗಳು ಅವರು ನನ್ನ ಫೋನೇ ಎತ್ತಲಿಲ್ಲ.

ಜ್ಯೇಷ್ಠದಲ್ಲಿ, ಮುಂಗಾರು ಶುರುವಾದ ಮೇಲೆ, ಒಂದು ಶನಿವಾರ ಬೆಳಿಗ್ಗೆ ಹತ್ತಕ್ಕೇ ಹೋಗಿ ಅಲ್ಲೇ ಕೂತುಬಿಟ್ಟೆ. ಜಗಳಕ್ಕಲ್ಲ. ಸಂಜೆವರೆಗೂ ಕೂತು ಏನು ನಡೆಯುತ್ತೆ ಅಂತ ನೋಡೋಣ ಅನ್ನಿಸಿತು. ಓನರ್ ಮೊದಲು ಮುಖ ಗಂಟು ಹಾಕಿಕೊಂಡರು, ಮಧ್ಯಾಹ್ನದ ಹೊತ್ತಿಗೆ ಅವರೇ ಟೀ ತರಿಸಿದರು. ಆ ಒಂದು ದಿನದಲ್ಲಿ ನನಗೆ ತಿಳಿದಷ್ಟು ಹತ್ತು ತಿಂಗಳ ಫೋನಿನಲ್ಲಿ ತಿಳಿದಿರಲಿಲ್ಲ.

ಕ್ರೋಮ್ ಅಂದರೆ ತೊಟ್ಟಿಯಲ್ಲಿ ಅದ್ದಿ ತೆಗೆಯುವ ಕೆಲಸ ಅಂದುಕೊಂಡಿದ್ದೆ. ಅದು ಕೊನೆಯ ಕೆಲವೇ ನಿಮಿಷದ ಮಾತು. ಹಳೆ ಕ್ರೋಮನ್ನು ಆಸಿಡ್‌ನಲ್ಲಿ ಬಿಡಿಸಬೇಕು, ಅದರ ಕೆಳಗಿನ ನಿಕಲ್ಲನ್ನು ಉಲ್ಟಾ ಕರೆಂಟ್ ಕೊಟ್ಟು ಬೇರೆಯಾಗಿ ಬಿಡಿಸಬೇಕು. ಆಮೇಲೆ ಬರಿ ಕಬ್ಬಿಣವನ್ನು ಎಮರಿ ಚಕ್ರದಲ್ಲಿ ಒರಟಿನಿಂದ ನಯಕ್ಕೆ ಹಂತಹಂತವಾಗಿ ಉಜ್ಜಬೇಕು. ಆಮೇಲೆ ತಾಮ್ರ. ತುಕ್ಕು ತಿಂದ ಸಣ್ಣ ಗುಂಡಿಗಳನ್ನು ತುಂಬುವುದು ಈ ತಾಮ್ರವೇ. ಗುಂಡಿ ಆಳ ಇದ್ದರೆ ತಾಮ್ರ ಹಾಕಿ, ಉಜ್ಜಿ, ಮತ್ತೆ ತಾಮ್ರ ಹಾಕಬೇಕು. ಅದರ ಮೇಲೆ ನಿಕಲ್. ನಮಗೆ ಕಾಣುವ ಹೊಳಪೆಲ್ಲ ನಿಕಲ್ಲಿನದು. ಕ್ರೋಮ್ ಒಂದು ಮೈಕ್ರಾನ್‌ಗೂ ಕಡಿಮೆ ದಪ್ಪ. ಆ ತಿಳಿನೀಲಿ ಛಾಯೆ ಮತ್ತು ಗಟ್ಟಿತನ ಅದರಿಂದ ಬರುತ್ತೆ, ಅಷ್ಟೇ. ತಾಮ್ರ ಬಿಟ್ಟು, ತೆಳುವಾಗಿ ನಿಕಲ್ ಹಾಕಿ ಹತ್ತು ದಿನದಲ್ಲಿ ಕೊಡುವವರೂ ಇದ್ದಾರೆ. ಅಂಥ ಬಂಪರ್ ಒಂದು ಮಳೆಗಾಲ ದಾಟುವುದರೊಳಗೆ ಚುಕ್ಕೆ ಚುಕ್ಕೆ ತುಕ್ಕು ಬಿಡುತ್ತೆ. ಬೇಗ ಕೊಟ್ಟರು ಅಂತ ಖುಷಿಪಡುವ ಮುಂಚೆ ತಾಮ್ರ ಹಾಕಿದ್ದೀರಾ ಅಂತ ಕೇಳಲೇಬೇಕು.

ಬಫಿಂಗ್ ಮಾಡುತ್ತಿದ್ದ ಹುಡುಗನನ್ನು ತುಂಬ ಹೊತ್ತು ನೋಡಿದೆ. ಬಾಯಿಗೆ ಟವೆಲ್, ಕಣ್ಣಿಗೆ ಗಾಗಲ್, ಹುಬ್ಬಿನವರೆಗೂ ಕಪ್ಪು ಧೂಳು. ಅವನ ಮುಂದೆ ನೂರಾರು ಸ್ಟೀಲ್ ಪಟ್ಟಿ, ಎಲ್ಲ ಒಂದೇ ಅಳತೆ, ಯಾವುದೋ ಫ್ಯಾಕ್ಟರಿಯ ಆರ್ಡರ್. ಒಂದೊಂದಕ್ಕೆ ಅರ್ಧ ನಿಮಿಷ. ಅವನಿಗೆ ಕೂಲಿ ಪೀಸ್ ಲೆಕ್ಕದಲ್ಲಿ. ನನ್ನ ಬಂಪರ್ ಉದ್ದಕ್ಕೆ, ಬಾಗಿ, ಎರಡೂ ತುದಿ ಒಳಕ್ಕೆ ತಿರುಗಿದೆ. ತುದಿ ಚಕ್ರಕ್ಕೆ ಸಿಕ್ಕಿಕೊಂಡರೆ ಕೈಯಿಂದ ಕಿತ್ತುಕೊಂಡು ಹಾರುತ್ತೆ. ಅವನು ಅಂಗಿ ತೋಳು ಮಡಚಿ, ಮೊಣಕೈ ಹತ್ತಿರದ ಉದ್ದನೆಯ ಗಾಯದ ಗುರುತು ತೋರಿಸಿದ. ಹಾಗೆ ಆಗಿದ್ದು ಒಂದು ಅಂಬಾಸಡರ್ ಬಂಪರಿನಿಂದ. ಇಡೀ ದಿನದ ಕೂಲಿ ಬಿಟ್ಟು ಅವನು ನನ್ನ ಬಂಪರ್ ಯಾಕೆ ಎತ್ತಿಕೊಳ್ಳಬೇಕು? ಆ ಗಾಯ ನೋಡಿದ ಮೇಲೆ ನನ್ನ ಸಿಟ್ಟು ಇಳಿಯಿತು.

ಆದರೆ ಹತ್ತು ತಿಂಗಳಿಗೆ ಅದೂ ಉತ್ತರವಲ್ಲ. ನನ್ನ ಬಂಪರ್ ಎಲ್ಲಿ ಅಂತ ಕೇಳಿದಾಗ ಆಸಿಡ್ ಕ್ಯಾನುಗಳ ಹಿಂದಿನಿಂದ ಎಳೆದು ತಂದರು. ಕ್ರೋಮ್ ನಿಕಲ್ ಎರಡೂ ಬಿಡಿಸಿದ್ದರು, ಅದೂ ಮೊದಲನೇ ವಾರದಲ್ಲೇ. ಬರಿಮೈಯಲ್ಲಿ ಬಿದ್ದಿದ್ದರಿಂದ ಅದರ ತುಂಬ ಹೊಸ ತುಕ್ಕು. ಬಲತುದಿಯಲ್ಲಿ ಒಂದು ಹಳೆ ಡೆಂಟ್ ಇತ್ತು. ಓನರ್ ಅದನ್ನು ಬೆರಳಲ್ಲಿ ಮುಟ್ಟಿ, "ಇದು ನಮ್ಮ ಕೆಲಸ ಅಲ್ಲ ಸಾರ್. ಟಿಂಕರ್ ಒಬ್ಬರು ಬರ್ತಾರೆ, ಅವರು ಬಂದಾಗ ತಟ್ಟಿಸೋಣ ಅಂತ ಇಟ್ಟಿದ್ವಿ. ಅವರು ಕೆಲಸ ಬಿಟ್ಟುಬಿಟ್ಟರು" ಅಂದರು. ನಿಕಲ್, ಕರೆಂಟ್, ಹುಡುಗ ಯಾವುದೂ ಸುಳ್ಳಲ್ಲ. ಆದರೆ ನನ್ನ ಬಂಪರ್ ನಿಂತಿದ್ದು ಅದಕ್ಕಲ್ಲ. ಬರದೇ ಹೋದ ಒಬ್ಬ ಟಿಂಕರ್‌ಗೋಸ್ಕರ ಅದು ಹತ್ತು ತಿಂಗಳು ಕಾದಿತ್ತು.

ಅವತ್ತೇ ಬಂಪರನ್ನು ವಾಪಸ್ ತಂದೆ. ತುಮಕೂರಿನ ನಮ್ಮ ಟಿಂಕರ್ ಸಾಬರು ಒಳಗಡೆ ಡಾಲಿ, ಅಂದರೆ ಆನಿಕೆಯ ಕಬ್ಬಿಣದ ಗಟ್ಟಿ, ಹಿಡಿದು, ಹೊರಗಡೆ ಮರದ ಕೊಡತಿಯಲ್ಲಿ ತಟ್ಟಿ, ನಡುನಡುವೆ ಕಣ್ಣು ಮುಚ್ಚಿ ಅಂಗೈ ಸವರಿ ನೋಡಿ, ಒಂದು ಮಧ್ಯಾಹ್ನದಲ್ಲಿ ಡೆಂಟ್ ಎಬ್ಬಿಸಿದರು. ಬ್ರಾಕೆಟ್ ತೂತಿನ ಪಕ್ಕ ಸಣ್ಣ ಬಿರುಕಿತ್ತು, ಅದಕ್ಕೂ ವೆಲ್ಡಿಂಗ್ ಆಯಿತು. ತುಕ್ಕನ್ನು ನಾನೇ ಮನೆಯಲ್ಲಿ ಎಮರಿ ಪೇಪರ್ ಹಿಡಿದು ತೆಗೆದು, ಎಣ್ಣೆ ಸವರಿ, ಹಳೆ ಪಂಚೆಯಲ್ಲಿ ಸುತ್ತಿ ಪೀಣ್ಯಕ್ಕೆ ಒಯ್ದೆ. ಬಫಿಂಗ್ ಕೂಲಿಯನ್ನು ಬೇರೆಯಾಗಿ, ಆ ಹುಡುಗನ ದಿನದ ಸಂಪಾದನೆಗೆ ಕಡಿಮೆ ಆಗದ ಹಾಗೆ, ಓನರ್ ಎದುರಿಗೇ ಮಾತಾಡಿಕೊಂಡೆವು. ಹತ್ತು ತಿಂಗಳು ನಿಂತ ಕೆಲಸ ಇಪ್ಪತ್ತಾರು ದಿನದಲ್ಲಿ ಮುಗಿಯಿತು.

ಅಂದಿನಿಂದ ಯಾವ ಪಾರ್ಟ್ ಕೊಡುವಾಗಲೂ ನಾನು ಮೊದಲು ಕೇಳುವುದು ಎಷ್ಟು ದಿನ ಅಂತಲ್ಲ. "ಇದರಲ್ಲಿ ನಿಮ್ಮ ಅಂಗಡಿಯಲ್ಲಿ ಆಗದ ಕೆಲಸ ಯಾವುದು? ಅದನ್ನು ಯಾರ ಹತ್ತಿರ ಮಾಡಿಸ್ತೀರಿ?" ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುವ ಜಾಗದಲ್ಲೇ ಕೆಲಸ ನಿಲ್ಲುವುದು. ಆ ಓಡಾಟವನ್ನು ನಾನೇ ವಹಿಸಿಕೊಂಡೆ.

ಎಂಜಿನ್ ಬಿಚ್ಚಿದಾಗ ಇದು ತುಂಬ ಕೆಲಸಕ್ಕೆ ಬಂತು. ಸಿಲಿಂಡರ್ ಸವೆದು ಹೊಗೆ ಬರುತ್ತಿತ್ತು, ಬೋರ್ ಮಾಡಿಸಬೇಕಿತ್ತು, ಅಂದರೆ ಒಳಗೋಡೆಯನ್ನು ಕೊರೆಸಿ ಸ್ವಲ್ಪ ದೊಡ್ಡದು ಮಾಡಿಸಬೇಕಿತ್ತು. ನನಗಿಂತ ಮುಂಚೆ ಇದೇ ಗಾಡಿ ಮಾಡಿಸಿದ ಸ್ನೇಹಿತರೊಬ್ಬರು ಸಿಲಿಂಡರ್‌ಗಳಿರುವ ಬ್ಲಾಕನ್ನು ಕೊಟ್ಟು ಐದು ತಿಂಗಳು ಕಾದಿದ್ದರು. ಕಾರಣ ಪಿಸ್ಟನ್. ಕೈಯಲ್ಲಿ ಪಿಸ್ಟನ್ ಇಲ್ಲದೆ ಒಳ್ಳೆ ಬೋರಿಂಗ್ ಮೇಸ್ತ್ರಿ ಬ್ಲಾಕ್ ಮುಟ್ಟುವುದಿಲ್ಲ, ಯಾಕೆಂದರೆ ಪಿಸ್ಟನ್ ಅಳೆದು ಅದಕ್ಕೆ ತಕ್ಕ ಸಣ್ಣ ಸಂದು (ಕ್ಲಿಯರೆನ್ಸ್) ಬಿಟ್ಟು ಕೊರೆಯಬೇಕು. ಪಿಸ್ಟನ್ ತರಿಸುತ್ತೇವೆ ಅಂತ ಅಂಗಡಿಯವರು ಹೇಳಿದ್ದರು, ತರಿಸಿರಲಿಲ್ಲ. ನಾನು ಉಲ್ಟಾ ಮಾಡಿದೆ. ಬ್ಲಾಕನ್ನು ಅಳತೆಗಷ್ಟೇ ಒಯ್ದು, ಮೂಲ ಅಳತೆಗಿಂತ ಎಷ್ಟು ದಪ್ಪದ (ಓವರ್‌ಸೈಜ್) ಪಿಸ್ಟನ್ ಬೇಕು ಅಂತ ಮೇಸ್ತ್ರಿಯಿಂದ ಬರೆಸಿಕೊಂಡು, ಜೆ.ಸಿ. ರೋಡ್ ಅಂಗಡಿಗಳನ್ನು ಮೂರು ಶನಿವಾರ ಸುತ್ತಿದೆ. ನಾಲ್ಕೂ ಪಿಸ್ಟನ್, ರಿಂಗು, ಪಿನ್ನು ಸಿಕ್ಕಿ, ಮನೆಯಲ್ಲಿ ಎಣಿಸಿಟ್ಟುಕೊಂಡ ಮೇಲೆ ಬ್ಲಾಕ್ ಕೊಟ್ಟೆ. ಆರನೇ ದಿನ ವಾಪಸ್ ಬಂತು.

ಪಿಸ್ಟನ್ ಹುಡುಕುವುದು ಈಗ ಸುಲಭವಲ್ಲ. 1964ರಲ್ಲಿ ಮುಂಬೈ ಕುರ್ಲಾದ ಫ್ಯಾಕ್ಟರಿಯಿಂದ ಫಿಯೆಟ್ 1100 ಡಿಲೈಟ್ ಅಂತ ಹೊರಟ ಗಾಡಿ, ಆಮೇಲೆ ಪ್ರೆಸಿಡೆಂಟ್, ಕೊನೆಗೆ ಪದ್ಮಿನಿ ಆಗಿ, ಈ ಶತಮಾನದ ಹೊಸ್ತಿಲಲ್ಲಿ ನಿಂತುಹೋಯಿತು. ಗಾಡಿ ನಿಂತರೂ ಮುಂಬೈನ ಕಪ್ಪು ಹಳದಿ ಟ್ಯಾಕ್ಸಿಗಳು ಓಡುತ್ತಿದ್ದಷ್ಟು ಕಾಲ ಬಿಡಿಭಾಗಗಳಿಗೆ ದೊಡ್ಡ ಗಿರಾಕಿ ಇತ್ತು. 2023ರ ಅಕ್ಟೋಬರ್ ಕೊನೆಗೆ ಆ ಟ್ಯಾಕ್ಸಿಗಳೂ ಮುಗಿದವು. ಇನ್ನು ನಮ್ಮಂಥವರು ಬೆರಳೆಣಿಕೆಯಷ್ಟು. ಸಿಕ್ಕಿದಾಗ ತೆಗೆದಿಟ್ಟುಕೊಳ್ಳಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ.

ಡೋರ್ ಹ್ಯಾಂಡಲ್‌ಗಳ ಕಥೆ ಬೇರೆ. ಅವು ಕಬ್ಬಿಣವೂ ಅಲ್ಲ ಹಿತ್ತಾಳೆಯೂ ಅಲ್ಲ, ಮಜಾಕ್, ಅಂದರೆ ಸತುವಿನ ಎರಕ. ಅಯಸ್ಕಾಂತ ಹಿಡಿದರೆ ಅಂಟುವುದಿಲ್ಲ. ಒಳಬದಿಯಲ್ಲಿ ಮೊಳೆಯಿಂದ ಗೀರಿ ನೋಡಿ, ಹಳದಿ ಕಂಡರೆ ಹಿತ್ತಾಳೆ, ಬೂದು ಕಂಡರೆ ಮಜಾಕ್. ಇದನ್ನು ಕೊಡುವಾಗಲೇ ಹೇಳಬೇಕು. ಮಜಾಕನ್ನು ನೇರವಾಗಿ ಆಸಿಡ್ ತಾಮ್ರದ ತೊಟ್ಟಿಗೆ ಇಳಿಸಿದರೆ ಸತುವೇ ಕರಗುತ್ತೆ, ಅದಕ್ಕೆ ಮೊದಲು ಸಯನೈಡ್ ತೊಟ್ಟಿಯಲ್ಲಿ ತೆಳುವಾಗಿ ತಾಮ್ರ ಹಾಕಬೇಕು. ತಪ್ಪಿ ಒಂದು ಪೀಸ್ ನಿಕಲ್ ತೊಟ್ಟಿಯ ತಳಕ್ಕೆ ಬಿದ್ದು ಕರಗಿದರೆ ಇಡೀ ತೊಟ್ಟಿ ಕೆಡುತ್ತೆ, ಮುಂದೆ ಬರುವ ಮಾಲಿಗೆಲ್ಲ ಕಪ್ಪು ಗೆರೆ. ಅದಕ್ಕೇ ಪ್ಲೇಟಿಂಗಿನವರು ಮಜಾಕ್ ಅಂದರೆ ಮುಂದೂಡುತ್ತಾರೆ. ನಮ್ಮವರು ನಿಕಲ್ ತೊಟ್ಟಿ ಕ್ಲೀನ್ ಮಾಡುವ ಹಿಂದಿನ ದಿನ ಮಾತ್ರ ಅದನ್ನು ಹಾಕುತ್ತಿದ್ದರು. ಆ ದಿನ ಯಾವತ್ತು ಅಂತ ಕೇಳಿಕೊಂಡು, ಅದಕ್ಕೆ ಒಂದು ವಾರ ಮುಂಚೆ ಒಯ್ದು ಕೊಟ್ಟೆ. ಕೊಟ್ಟಿದ್ದೂ ನನ್ನ ಗಾಡಿಯ ಹ್ಯಾಂಡಲ್ ಅಲ್ಲ. ಶಿವಾಜಿನಗರದ ಗುಜರಿಯಲ್ಲಿ ಸಿಕ್ಕ ಇನ್ನೊಂದು ಸೆಟ್. ನಮ್ಮವು ಬಾಗಿಲಲ್ಲೇ ಇದ್ದವು, ಗಾಡಿ ಓಡುತ್ತಲೇ ಇತ್ತು. ಹ್ಯಾಂಡಲ್ ಬರುವುದು ಎರಡು ತಿಂಗಳಾದರೂ ನನಗೆ ಹೊರೆ ಅನ್ನಿಸಲಿಲ್ಲ.

ಗಾಡಿಯನ್ನು ಪೂರ್ತಿ ಬಿಚ್ಚಿ ಎಲ್ಲ ಪಾರ್ಟನ್ನೂ ಒಟ್ಟಿಗೆ ಹೊರಗೆ ಕೊಡಬೇಡಿ ಅಂತ ನಾನು ಕೇಳಿಕೊಳ್ಳುತ್ತೇನೆ. ನಾಲ್ಕು ಇಟ್ಟಿಗೆ ಮೇಲೆ ವರ್ಷಗಟ್ಟಲೆ ನಿಂತು, ಕೊನೆಗೆ ತೂಕಕ್ಕೆ ಹೋದ ಗಾಡಿಗಳನ್ನು ನಮ್ಮ ಬೀದಿಯಲ್ಲೇ ನೋಡಿದ್ದೇನೆ. ಅಪ್ಪನಿಗೆ ಎಂಬತ್ತೊಂದು. ಅವರಿಗೆ ದಿನಾ ಸಂಜೆ ಗಾಡಿಯಲ್ಲಿ ಹತ್ತು ನಿಮಿಷ ಕೂರಬೇಕು, ಸ್ಟೀರಿಂಗ್ ಪಕ್ಕದ ಗೇರ್ ಹಿಡಿದು ಒಮ್ಮೆ ಆಡಿಸಬೇಕು. ಅದನ್ನು ತಪ್ಪಿಸುವ ಯಾವ ರಿಪೇರಿಯೂ ನನಗೆ ಬೇಡವಾಗಿತ್ತು.

ಕಹಿಯಾದದ್ದೂ ಒಂದಿದೆ. ಸ್ಪೀಡೋ ಮೀಟರ್ ಮತ್ತು ಹಾರ್ನ್ ರಿಂಗನ್ನು ಬೇರೆ ಊರಿನ ಒಬ್ಬರಿಗೆ ಕೊರಿಯರ್‌ನಲ್ಲಿ ಕಳಿಸಿದ್ದೆ. ಹಣ ಪೂರ್ತಿ ಮುಂಗಡ. ಅದು ನನ್ನ ತಪ್ಪು. ಹದಿನಾಲ್ಕು ತಿಂಗಳಾದರೂ ಕೆಲಸವಿಲ್ಲ, ಒಂದೊಂದು ಸಲ ಒಂದೊಂದು ಮಾತು. ಕೊನೆಗೆ ನಾನೇ ರಾತ್ರಿ ಬಸ್ಸಿನಲ್ಲಿ ಹೋದೆ. ಕಳಿಸುವ ಮುಂಚೆ ಪ್ರತಿ ಪಾರ್ಟಿನ ಫೋಟೋ ತೆಗೆದಿದ್ದೆ, ಮೀಟರಿನ ಹಿಂಬದಿಯ ನಂಬರ್ ಸಮೇತ. ಅದು ಇದ್ದಿದ್ದರಿಂದ ಕಪಾಟಿನಲ್ಲಿದ್ದ ಏಳೆಂಟು ಮೀಟರ್‌ಗಳ ನಡುವೆ ನಮ್ಮದು ಯಾವುದು ಅಂತ ತೋರಿಸಲು ಸಾಧ್ಯವಾಯಿತು. ಗಾಜು ಇರಲಿಲ್ಲ. ಕೂಗಾಡಲಿಲ್ಲ. "ಹೇಗಿದೆಯೋ ಹಾಗೇ ಕೊಟ್ಟುಬಿಡಿ, ಅರ್ಧ ದುಡ್ಡು ವಾಪಸ್ ಕೊಡಿ" ಅಂದೆ, ಕೊಟ್ಟರು. ಉಳಿದ ಅರ್ಧ ಹೋಯಿತು. ಪಾರ್ಟ್ ಉಳಿಯಿತಲ್ಲ ಅನ್ನೋ ಸಮಾಧಾನದಲ್ಲಿ ಬಸ್ ಹತ್ತಿದೆ, ಮಡಿಲಲ್ಲಿ ಮೀಟರ್ ಇಟ್ಟುಕೊಂಡು.

ಈಗ ದುಡ್ಡನ್ನು ಮೂರು ಭಾಗ ಮಾಡುತ್ತೇನೆ. ಕೊಡುವಾಗ ಒಂದು, ಮಧ್ಯದ ಹಂತವನ್ನು ಕಣ್ಣಾರೆ ನೋಡಿದಾಗ ಒಂದು, ತರುವಾಗ ಒಂದು. ಬಂಪರಿಗಾದರೆ ಮಧ್ಯದ ಹಂತ ಅಂದರೆ ತಾಮ್ರ. ಮೈಯೆಲ್ಲ ಕೆಂಪಗೆ ಹೊಳೆಯುವಾಗ ಒಂದು ಫೋಟೋ ಕಳಿಸಿ ಅಂತ ಕೇಳುತ್ತೇನೆ. ಅದು ಬಂದ ತಕ್ಷಣ, ಅದೇ ಗಂಟೆಯಲ್ಲಿ ದುಡ್ಡು ಹಾಕುತ್ತೇನೆ. ಫೋನಿನಲ್ಲಿ "ಆಯ್ತಾ?" ಅಂತ ಕೇಳುವುದನ್ನು ಬಿಟ್ಟೆ, ಅದಕ್ಕೆ "ಆಗ್ತಾ ಇದೆ ಸಾರ್" ಅಂತಲೇ ಉತ್ತರ. "ಉಜ್ಜಿದ್ದು ಮುಗೀತಾ, ತಾಮ್ರಕ್ಕೆ ಯಾವತ್ತು ಹೋಗುತ್ತೆ?" ಅಂದರೆ ಅವರೂ ಎದ್ದು ಹೋಗಿ ನೋಡಿ ಬಂದು ಹೇಳುತ್ತಾರೆ. ಇಲ್ಲದ ಗಡುವು ಹೇಳಿ ಹೆದರಿಸುವುದೂ ಇಲ್ಲ. ಹದಿನೈದು ವರ್ಷ ದಾಟಿದ ಗಾಡಿಗೆ ಐದು ವರ್ಷಕ್ಕೊಮ್ಮೆ ಆರ್‌ಸಿ ನವೀಕರಣ ಬರುತ್ತಲ್ಲ, ಆ ತಾರೀಖನ್ನು ಇದ್ದ ಹಾಗೇ ಹೇಳಿದ್ದೆ. ಆ ಸಲ ಒಂದು ದಿನವೂ ತಪ್ಪಿಸಲಿಲ್ಲ.

ಕೆಲವು ಕೆಲಸಗಳನ್ನು ಹಳೆ ಗಾಡಿ ಸರಿಮಾಡುವ ರೆಸ್ಟೋರರ್ ಹತ್ತಿರ ಒಯ್ಯುವುದನ್ನೇ ನಿಲ್ಲಿಸಿದೆ. ಪೆಟ್ರೋಲಿಗೆ ಗಾಳಿ ಬೆರೆಸುವ ಸೊಲೆಕ್ಸ್ ಕಾರ್ಬುರೇಟರ್ ಸವೆದು, ಗಾಡಿ ನಿಂತಲ್ಲೇ ಎಂಜಿನ್ ಓಡುವಾಗ (ಐಡ್ಲಿಂಗ್) ವೇಗ ಏರಿಳಿಯುತ್ತಿತ್ತು. ಥ್ರಾಟಲ್ ಕಡ್ಡಿ ಕೂರುವ ತೂತು ಸವೆದು, ಅಲ್ಲಿಂದ ಗಾಳಿ ಎಳೆಯುತ್ತಿತ್ತು. ಕಡ್ಡಿಯನ್ನು ಬೆರಳಲ್ಲಿ ಹಿಡಿದು ಅಲುಗಾಡಿಸಿದರೆ ತಿಳಿಯುತ್ತೆ. ಪೂರ್ತಿ ಕಾರ್ಬುರೇಟರ್ ಕಳಿಸಿ ಅಂತ ಒಬ್ಬರು ಹೇಳಿದರು, ಮೂರು ತಿಂಗಳು ಆಗುತ್ತೆ ಅಂದರು. ನಾನು ಬಾಡಿ ಮತ್ತು ಕಡ್ಡಿಯನ್ನಷ್ಟೇ ತುಮಕೂರಿನ ಲೇತ್ ಮೇಸ್ತ್ರಿಗೆ ಒಯ್ದೆ. ತೂತು ದೊಡ್ಡದು ಮಾಡಿ, ಕಂಚಿನ ಬುಷ್ ಕಡೆದು ಕೂರಿಸಿ, ಅದರ ತೂತನ್ನು ಕಡ್ಡಿಗೆ ಸರಿಯಾಗಿ ರೀಮರ್‌ನಿಂದ ನಯಮಾಡಿ ಕೊಟ್ಟರು. ಬೆಳಿಗ್ಗೆ ಕೊಟ್ಟಿದ್ದು ಸಂಜೆಗೆ ಕೈಗೆ ಬಂತು. ಜೆಟ್ ತೊಳೆಯುವುದು, ಗ್ಯಾಸ್ಕೆಟ್ ಹಾಕುವುದು ನಾನೇ ಮಾಡಿಕೊಂಡೆ.

ಮೊನ್ನೆ ಕಾರ್ತಿಕದಲ್ಲಿ ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು ದೇವರಾಯನದುರ್ಗದ ಕಡೆ ಹೊರಟೆ. ನಾಮದ ಚಿಲುಮೆ ಹತ್ತಿರ ಮರದ ನೆರಳಲ್ಲಿ ನಿಲ್ಲಿಸಿದಾಗ ಅಪ್ಪ ಇಳಿದು, ಮೆಲ್ಲಗೆ ಮುಂದೆ ಬಂದು, ಬಂಪರಿನ ಬಲತುದಿಯನ್ನು ಅಂಗೈಯಲ್ಲಿ ಸವರಿದರು. "ಇಲ್ಲೇ ಅಲ್ವೇನೋ, ಅರಸೀಕೆರೆ ರೋಡಲ್ಲಿ ಎತ್ತಿನಗಾಡಿ ತಾಗಿದ್ದು? ಗೊತ್ತೇ ಆಗಲ್ಲ" ಅಂದರು. ಆಮೇಲೆ ಹಿಂದಕ್ಕೆ ಹೋಗಿ, ಮಂಕಾಗಿ ನಿಂತಿದ್ದ ಹಿಂದಿನ ಬಂಪರ್ ನೋಡಿ, "ಇದು ಯಾವಾಗಪ್ಪಾ?" ಅಂತ ಕೇಳಿದರು.

ಹೋದ ಶನಿವಾರ ಅದನ್ನು ಬಿಚ್ಚಿದೆ. ಟಿಂಕರ್ ಸಾಬರು ನೋಡಿ, ತಟ್ಟುವಂಥದ್ದು ಏನಿಲ್ಲ ಅಂದಿದ್ದಾರೆ. ತಗಡಿನ ಚೀಟಿಗೆ ನಂಬರ್ ಒತ್ತಿಸಿ, ಆಸಿಡ್‌ಗೂ ಕಳಚದ ಹಾಗೆ ಸ್ಟೀಲ್ ತಂತಿಯಲ್ಲಿ ಬ್ರಾಕೆಟ್ ತೂತಿಗೆ ಕಟ್ಟಿದ್ದೇನೆ. ಬಫಿಂಗ್ ಹುಡುಗ ಸೋಮವಾರ ಊರಿಂದ ಬರುತ್ತಾನಂತೆ, ಮಂಗಳವಾರ ಕೊಡಿ ಅಂತ ಪೀಣ್ಯದ ಓನರ್ ಅಂದಿದ್ದಾರೆ. ಶಿವರಾತ್ರಿಗೆ ಸಿದ್ಧಗಂಗೆ ಜಾತ್ರೆ, ಅಪ್ಪನಿಗೆ ಈ ಗಾಡಿಯಲ್ಲೇ ಹೋಗಬೇಕು ಅಂತ ಆಸೆ. ಆ ಮಾತನ್ನೂ ಓನರ್‌ಗೆ ಹೇಳಿದ್ದೇನೆ.