ಊರಲ್ಲೊಂದು ಓದಿನ ಕೂಟ: ಪುಸ್ತಕಕ್ಕಿಂತ ಮುಂಚೆ ಜಾಗ ನೋಡಿ

ಓದಿನ ಕೂಟ ಕಟ್ಟಲು ಹೊರಟವರು ಸಾಮಾನ್ಯವಾಗಿ ಪುಸ್ತಕದ ಪಟ್ಟಿ ಹಿಡಿದು ಶುರುಮಾಡುತ್ತಾರೆ. ಮೊದಲು ತೀರ್ಮಾನವಾಗಬೇಕಾದದ್ದು ಎಲ್ಲಿ ಕೂರುವುದು ಅನ್ನೋದು. ದೇವಸ್ಥಾನದ ಜಗುಲಿಗೆ ಕರೆದರೆ ದಲಿತ ಕೇರಿಯವರು ರಸ್ತೆಯಲ್ಲೇ ನಿಲ್ಲುತ್ತಾರೆ. ಅಂಬೇಡ್ಕರ್ ಭವನಕ್ಕೆ ಕರೆದರೆ ಊರಿನವರು 'ನೋಡೋಣ' ಅಂದು ಸುಮ್ಮನಾಗುತ್ತಾರೆ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಸೀಮೆಯ ಹಳ್ಳಿಗಳಲ್ಲಿ ಇಬ್ಬರೂ ಕಾಲಿಡುವ ಜಾಗ ಎರಡೇ: ಸರ್ಕಾರಿ ಶಾಲೆಯ ಕೊಠಡಿ, ಪಂಚಾಯಿತಿ ಗ್ರಂಥಾಲಯ. ಈ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದವು, ಈಗ ಬೋರ್ಡಿನ ಮೇಲೆ 'ಅರಿವು ಕೇಂದ್ರ' ಅಂತ ಇರುತ್ತದೆ. ಮೇಲ್ವಿಚಾರಕರನ್ನು ಮೊದಲೇ ಮಾತಾಡಿಸಿಕೊಳ್ಳಿ. ಬೀಗ ಅವರ ಕೈಲಿರುತ್ತದೆ, ಕಪಾಟಿನಲ್ಲಿ ಏನಿದೆ ಅನ್ನೋದೂ ಅವರಿಗೇ ಗೊತ್ತು.

ಎಲ್ಲರಿಗೂ ಚಾಪೆ. ಒಬ್ಬ ಗಣ್ಯರಿಗೆ ಕುರ್ಚಿ ಹಾಕಿದಿರೋ, ಆವತ್ತಿನಿಂದ ಅದು ಅವರ ಭಾಷಣದ ಸಭೆ. ಟೀಗೆ ಸ್ಟೀಲ್ ಲೋಟ ಇರಲಿ, ತೊಳೆಯುವುದು ಸರದಿಯ ಮೇಲೆ. ಪೇಪರ್ ಲೋಟ ತಂದರೆ ಯಾರ ಲೋಟ ಯಾರು ಮುಟ್ಟಿದರು ಅನ್ನುವ ಪ್ರಶ್ನೆಯೇ ಏಳುವುದಿಲ್ಲ. ಮುಟ್ಟುವ ಅಳುಕು ಹಾಗೇ ಮುಚ್ಚಿಹೋಗುತ್ತದೆ, ಅದಕ್ಕೇ ಅದು ಬೇಡ.

ಹದಿನೈದು ಜನ ಸಾಕು. ಇಪ್ಪತ್ತೈದು ದಾಟಿದರೆ ಹಿಂದೆ ಕೂತವರು ಕೇಳುಗರಾಗಿಯೇ ಉಳಿಯುತ್ತಾರೆ. ಹೊತ್ತು ಗೊತ್ತುಮಾಡುವಾಗ ಡೇರಿಗೆ ಹಾಲು ಹಾಕುವ ಸಮಯ ಬಿಟ್ಟುಬಿಡಿ, ಸಂಜೆ ಏಳೂವರೆ ಮೇಲೆ ಇಟ್ಟುಕೊಳ್ಳಿ. ರೇಷ್ಮೆ ಸಾಕುವ ಮನೆಗಳಲ್ಲಿ ಹುಳು ನಾಲ್ಕನೇ ಜ್ವರದಿಂದ (ಪೊರೆ ಬಿಡುವ ಹಂತದಿಂದ) ಎದ್ದು ಹಣ್ಣಾಗುವ, ಅಂದರೆ ಗೂಡು ಕಟ್ಟಲು ಸಿದ್ಧವಾಗುವ ತನಕದ ಏಳೆಂಟು ದಿನ ಯಾರನ್ನೂ ಕರೆಯಬೇಡಿ; ಸೊಪ್ಪು ಹಾಕುವುದರಲ್ಲೇ ರಾತ್ರಿ ಕಳೆಯುತ್ತದೆ. ಹದಿನೈದು ದಿನಕ್ಕೊಂದು ಕೂಟ, ಒಂದೂವರೆ ಗಂಟೆ. ಪಂಚಾಯಿತಿ ಚುನಾವಣೆ ಹತ್ತಿರವಾದಾಗ ನಿಲ್ಲಿಸಿ, ಮುಗಿದ ಮೇಲೆ ಮತ್ತೆ ಕೂರಿ. ಆ ದಿನಗಳಲ್ಲಿ ಕೂಟ ಯಾರ ಕಡೆಯದು ಅಂತ ಲೆಕ್ಕ ಶುರುವಾಗುತ್ತದೆ.

ಓದು ಗಟ್ಟಿಯಾಗಿಯೇ ಆಗಬೇಕು. ಅಕ್ಷರ ಬಾರದವರಿಗೂ ಕನ್ನಡಕ ಮರೆತು ಬಂದವರಿಗೂ ಇದೊಂದೇ ದಾರಿ. ಸಾಧಾರಣ ಅಳತೆಯ ಒಂದು ಪುಟಕ್ಕೆ ಎರಡೂವರೆಯಿಂದ ಮೂರು ನಿಮಿಷ ಹಿಡಿಯುತ್ತದೆ. ಹತ್ತು ಪುಟಕ್ಕೆ ಅರ್ಧ ಗಂಟೆ, ಅದಕ್ಕಿಂತ ಹೆಚ್ಚು ಬೇಡ, ಉಳಿದ ಒಂದು ಗಂಟೆ ಮಾತಿಗೆ. ಮೂವರಿಗೊಂದರಂತೆ ಐದು ಪ್ರತಿ ಕೊಳ್ಳಿ. ಎರಡು ಪುಟಕ್ಕೊಬ್ಬರು ಓದಲಿ, ಆದರೆ ಓದುವವರನ್ನು ಹಿಂದಿನ ವಾರವೇ ಒಪ್ಪಿಸಿ ಪುಟ ತೋರಿಸಿರಬೇಕು. ಮುನ್ಸೂಚನೆ ಇಲ್ಲದೆ ಪುಸ್ತಕ ಕೊಟ್ಟರೆ ತಡವರಿಸಿ ಅವಮಾನವಾದೀತೆಂದು ಮುಂದಿನ ಸಲ ಅವರು ಬರುವುದಿಲ್ಲ. ಚಿಂತಾಮಣಿ, ಬಾಗೇಪಲ್ಲಿ, ಪಾವಗಡದ ಕಡೆ ಮನೆಮಾತು ತೆಲುಗು. ಓದು ಕನ್ನಡದಲ್ಲಿ ನಡೆಯಲಿ, ಚರ್ಚೆ ಯಾವ ಮಾತಲ್ಲಾದರೂ ಆಗಲಿ. 'ಕನ್ನಡದಲ್ಲೇ ಹೇಳಿ' ಅಂದ ಕ್ಷಣ ಅರ್ಧ ಹೆಂಗಸರು ಬಾಯಿ ಮುಚ್ಚುತ್ತಾರೆ.

ಇನ್ನು ಪುಸ್ತಕ. ಮೊದಲಿಗೆ ಸಿದ್ದಲಿಂಗಯ್ಯನವರ ಆತ್ಮಕಥೆ 'ಊರುಕೇರಿ' ತೆಗೆದುಕೊಳ್ಳಿ. ಇಬ್ಬರು ಮನುಷ್ಯರು ಎತ್ತಿನ ಜಾಗದಲ್ಲಿ ನೊಗ ಹೊತ್ತು ಉಳುತ್ತಿರುವುದನ್ನು ಮಗುವೊಂದು ನೋಡುತ್ತದೆ, ಅವರಲ್ಲೊಬ್ಬ ಅದರ ಅಪ್ಪ. ಇಂಥದ್ದನ್ನು ಹೇಳುತ್ತಲೇ ನಗಿಸುವ ಪುಸ್ತಕ ಅದು. ನಗು ಬಂದ ಮೇಲೆ ಮಾತು ತಾನಾಗಿ ಬರುತ್ತದೆ. ಆಮೇಲೆ ದೇವನೂರ ಮಹಾದೇವರ 'ಒಡಲಾಳ'. ನಂಜನಗೂಡು ಕಡೆಯ ಆಡುಮಾತು ನಮ್ಮವರ ನಾಲಿಗೆಗೆ ಒಗ್ಗಲು ಹೊತ್ತು ಹಿಡಿಯುತ್ತದೆ, ಹಾಗಾಗಿ ಒಬ್ಬರು ಮೊದಲೇ ಎರಡು ಸಲ ಓದಿಕೊಂಡಿರಲಿ. ಮನೆಯವರೆಲ್ಲ ಕೂತು ರಾತ್ರಿಯಲ್ಲಿ ಕಡಲೆಕಾಯಿ ತಿನ್ನುವ ಭಾಗವನ್ನು ಪಾವಗಡ, ಶಿರಾದಂಥ ಕಡಲೆಕಾಯಿ ನಾಡಿನಲ್ಲಿ ಓದಿದರೆ ವಿವರಣೆಯೇ ಬೇಕಾಗಿಲ್ಲ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಎಚ್. ನರಸಿಂಹಯ್ಯನವರ ಆತ್ಮಕಥೆ 'ಹೋರಾಟದ ಹಾದಿ' ಹೈಸ್ಕೂಲು ಮಕ್ಕಳಿಗೆ ಹಿಡಿಸುತ್ತದೆ: ಓದಲಿಕ್ಕಾಗಿ ಬೆಂಗಳೂರಿಗೆ ನಡೆದೇ ಹೋದ ಹುಡುಗ ಮುಂದೆ ಕುಲಪತಿಯಾಗಿ ಪವಾಡಗಳ ತನಿಖೆಗೆ ಸಮಿತಿ ಕಟ್ಟಿದರು.

ಅಂಬೇಡ್ಕರರ 'ಜಾತಿ ವಿನಾಶ' ಮೂರನೆಯದೋ ನಾಲ್ಕನೆಯದೋ ಆಗಿರಲಿ. 1936ರಲ್ಲಿ ಲಾಹೋರಿನ ಸಮ್ಮೇಳನಕ್ಕೆಂದು ಬರೆದ ಭಾಷಣ, ಕರೆದವರೇ ಬೇಡವೆಂದದ್ದರಿಂದ ಅವರು ತಾವೇ ಅಚ್ಚು ಹಾಕಿಸಿದರು. 26 ಭಾಗಗಳಿವೆ, ಕೂಟಕ್ಕೆರಡರಂತೆ ಓದಿದರೆ ಆರು ತಿಂಗಳು. ಕವಿ ಕೆ.ಬಿ. ಸಿದ್ದಯ್ಯ ತುಮಕೂರಿನಲ್ಲೇ ನೆಲೆಸಿದ್ದವರು ಅಂತ ಅಭಿಮಾನಕ್ಕೆ ಅವರ ಖಂಡಕಾವ್ಯ ಮೊದಲ ವರ್ಷವೇ ಎತ್ತಿಕೊಳ್ಳಬೇಡಿ. ಅದು ಹಾಡಿನಂತೆ ಒಳಗಿಳಿಯಬೇಕಾದ ಬರಹ, ಕೂಟ ಹದಕ್ಕೆ ಬಂದಿರಬೇಕು.

ಕೂಟ ಕೆಡುವುದು ಹೆಚ್ಚಾಗಿ ಒಂದೇ ಕಾರಣಕ್ಕೆ: ಜಾತಿಯ ವಿಷಯ ಬಂದಾಗ ಎಲ್ಲರೂ ಕೇರಿಯವರ ಮುಖ ನೋಡಿ 'ನಿಮ್ಮ ಅನುಭವ ಹೇಳಿ' ಅನ್ನುವುದು. ಕೇಳಲೇಬಾರದು. ಅವರಾಗಿ ಹೇಳಿದರೆ ಕೇಳಿಸಿಕೊಳ್ಳಿ. ಅದರ ಬದಲು ಎಲ್ಲರಿಗೂ ಒಂದೇ ಪ್ರಶ್ನೆ ಹಾಕಿ: ನಿಮ್ಮ ಬೀದಿಗೆ ನೀರು ಎಷ್ಟು ಹೊತ್ತಿಗೆ ಬರುತ್ತದೆ, ಎಷ್ಟು ಕೊಡ ಸಿಗುತ್ತದೆ? 1927ರ ಮಾರ್ಚ್ 20ರಂದು ಅಂಬೇಡ್ಕರರು ದಲಿತರೊಡನೆ ಮಹಾರಾಷ್ಟ್ರದ ಮಹಾಡದಲ್ಲಿ ಚೌದಾರ್ ಕೆರೆಯ ನೀರು ಮುಟ್ಟಿದ ಪ್ರಸಂಗ ಓದಿದ ದಿನ ಈ ಪ್ರಶ್ನೆ ಸರಿಯಾಗಿ ಕೂರುತ್ತದೆ. ಉತ್ತರಗಳನ್ನು ಬೀದಿವಾರು ವಹಿಯಲ್ಲಿ ಬರೆದುಕೊಂಡರೆ ಯಾರೂ ಯಾರನ್ನೂ ದೂರದೆ ಊರಿನ ನಕ್ಷೆಯೇ ಎದ್ದು ಕಾಣುತ್ತದೆ.

ಅಲ್ಲಿಂದ ಮುಂದಿನದು ನೀರಿನ ಪರೀಕ್ಷೆ. ಈ ಬಯಲುಸೀಮೆಯ ಆಳದ ಬೋರ್‌ವೆಲ್‌ಗಳಲ್ಲಿ ಫ್ಲೋರೈಡ್ ಕಾಟ ಹಳೆಯದು. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದ ಕಡೆ 1.5ರ ತನಕ ಒಪ್ಪುತ್ತಾರೆ. ಮೋಟಾರು ಹಾಕಿ ಐದರಿಂದ ಹತ್ತು ನಿಮಿಷ ನೀರು ಹರಿಯಲು ಬಿಡಿ, ಒಂದು ಲೀಟರಿನ ಪ್ಲಾಸ್ಟಿಕ್ ಬಾಟಲಿಯನ್ನು ಅದೇ ನೀರಿನಲ್ಲಿ ಮೂರು ಸಲ ಜಾಲಿಸಿ ತುಂಬಿ. ಗಾಜಿನದು ಬೇಡ, ಫ್ಲೋರೈಡ್ ಗಾಜಿನ ಜೊತೆ ಪ್ರತಿಕ್ರಿಯಿಸಿ ಅಳತೆ ತಪ್ಪಬಹುದು. ತಾರೀಕು, ಬೋರ್‌ವೆಲ್ ಇರುವ ಜಾಗ ಬರೆದು ಜಿಲ್ಲಾ ಕೇಂದ್ರದ ಕುಡಿಯುವ ನೀರಿನ ಪ್ರಯೋಗಾಲಯಕ್ಕೆ ಕೊಡಿ. ಪಂಚಾಯಿತಿಯ ಪರೀಕ್ಷಾ ಕಿಟ್ ಬಳಸುವುದಾದರೆ ದ್ರಾವಣದ ಅವಧಿ ಮುಗಿದಿದೆಯೇ ನೋಡಿ. ಕೈಲಿ ಹಿಡಿಯುವ ಟಿಡಿಎಸ್ ಮೀಟರು ನೀರಲ್ಲಿ ಕರಗಿದ ಒಟ್ಟು ಲವಣದ ಅಂದಾಜು ಕೊಡುತ್ತದೆ, ಫ್ಲೋರೈಡ್ ತೋರಿಸುವುದಿಲ್ಲ. ಕುದಿಸಿದರೆ ಹೋಗುತ್ತದೆ ಅನ್ನುವವರಿಗೆ ಹೇಳಿ: ನೀರು ಆವಿಯಾಗುತ್ತದೆ, ಫ್ಲೋರೈಡ್ ಉಳಿದು ಇನ್ನೂ ಗಟ್ಟಿಯಾಗುತ್ತದೆ. ಮಕ್ಕಳ ಹಲ್ಲು ನೋಡುವಾಗ ಎಡಬಲ ಎರಡೂ ಕಡೆ ಒಂದೇ ಥರ ಅಡ್ಡಗೆರೆಯಾಗಿ ಬಿಳಿ ಅಥವಾ ಕಂದು ಕಲೆ ಇದ್ದು, ಉಜ್ಜಿದರೂ ಹೋಗದಿದ್ದರೆ ಫ್ಲೋರೈಡಿನ ಅನುಮಾನ ಪಡಿ.

ವರದಿ ಬಂದ ಮೇಲೆ ಬೀದಿವಾರು ವಹಿಯ ಪುಟದ ಜೊತೆ ಅರ್ಜಿ ಬರೆಯಿರಿ. ಒಂದು ಅರ್ಜಿಗೆ ಒಂದೇ ಬೇಡಿಕೆ. ನೀರು, ಚರಂಡಿ, ಬೀದಿದೀಪ ಎಲ್ಲ ಒಟ್ಟಿಗೆ ಹಾಕಿದರೆ ಉತ್ತರ ದೀಪಕ್ಕಷ್ಟೇ ಬರುತ್ತದೆ. ಪಿಡಿಒಗೆ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ) ಎರಡು ಪ್ರತಿ ಕೊಟ್ಟು ಒಂದರ ಮೇಲೆ ಮೊಹರು, ತಾರೀಕು ಹಾಕಿಸಿಕೊಳ್ಳಿ. ಗ್ರಾಮಸಭೆಯಲ್ಲಿ ಹೇಳಿದ್ದು ನಡಾವಳಿ ಪುಸ್ತಕದಲ್ಲಿ ಬರೆಯುವ ತನಕ ಎದ್ದು ಬರಬೇಡಿ. ಮೊಹರು ಬಿದ್ದ ಪ್ರತಿಯನ್ನು ಕೂಟದ ವಹಿಗೇ ಅಂಟಿಸಿ, ಮುಂದಿನ ಕೂಟದಲ್ಲಿ ಪುಸ್ತಕ ತೆರೆಯುವ ಮುಂಚೆ ಅದನ್ನು ಗಟ್ಟಿಯಾಗಿ ಓದಿ.