ಮಗುವನ್ನು ಮನೆಯಿಂದ ಬೇರೆ ಮಾಡುವ ಮುನ್ನ: ಸಾಮಾಜಿಕ ತನಿಖಾ ವರದಿ ಬರೆಯುವ ನನ್ನ ಅನುಭವ

ಮಗು ಹೊಡೆತ ತಿನ್ನುತ್ತಿದೆ ಎಂದು ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಬಂದು ಊರಿಗೆ ಹೋದರೆ ಅಕ್ಕಪಕ್ಕದವರು ಮೊದಲು ಹೇಳುವುದು, "ಬಾಲಮಂದಿರಕ್ಕೆ ಹಾಕಿಬಿಡಿ ಮೇಡಂ" ಅಂತ. ಆದರೆ ಬಾಲನ್ಯಾಯ ಕಾಯ್ದೆ 2015ರ ಪ್ರಕಾರ ಬಾಲಮಂದಿರದಂಥ ಸಂಸ್ಥೆ ಕಟ್ಟಕಡೆಯ ದಾರಿ. ಮಗುವನ್ನು ಎಲ್ಲಿಡಬೇಕು ಎಂದು ತೀರ್ಮಾನಿಸುವುದು ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿ. ಅಂತಿಮ ಆದೇಶಕ್ಕೆ ಕನಿಷ್ಠ ಮೂವರು ಸದಸ್ಯರು ಕೂತಿರಬೇಕು. ಆ ಮೂವರಿಗೂ ಮನೆ ಕಾಣುವುದು ನಾವು ಬರೆಯುವ ತನಿಖಾ ವರದಿಯಲ್ಲೇ.

ಕರೆತಂದ ಮಗುವನ್ನು ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಸಮಿತಿಯ ಮುಂದೆ ಹಾಜರುಪಡಿಸಬೇಕು. ರಾತ್ರಿಯಾದರೆ ಒಬ್ಬ ಸದಸ್ಯರ ಮುಂದೆ ಹಾಜರುಪಡಿಸಿದರೂ ಆಗುತ್ತದೆ. ತನಿಖಾ ವರದಿಗೆ 15 ದಿನ, ಅಂತಿಮ ಆದೇಶಕ್ಕೆ ನಾಲ್ಕು ತಿಂಗಳು. ವರದಿ ತಡವಾದಷ್ಟು ದಿನ ಮಗು ಬಾಲಮಂದಿರದಲ್ಲೇ ಉಳಿಯುತ್ತದೆ. ಅದಕ್ಕೇ 15ನೇ ದಿನದವರೆಗೆ ಕಾಯುವುದು ನನಗೆ ಸರಿಯೆನಿಸುವುದಿಲ್ಲ.

ಒಂದೇ ಭೇಟಿ ಸಾಲದು. ಒಮ್ಮೆ ಬೆಳಿಗ್ಗೆ ಶಾಲೆಗೆ ಹೊರಡುವ ಹೊತ್ತಿಗೆ, ಇನ್ನೊಮ್ಮೆ ಸಂಜೆ ಏಳರ ಮೇಲೆ ಹೋಗುತ್ತೇನೆ. ಒಲೆ ಹೊತ್ತಿದೆಯೇ, ಡಬ್ಬಿಯಲ್ಲಿ ಅಕ್ಕಿ ಇದೆಯೇ, ಮಗು ಮಲಗುವುದೆಲ್ಲಿ, ಪಕ್ಕದಲ್ಲಿ ಯಾರು ಮಲಗುತ್ತಾರೆ ಎಂದು ನೋಡುತ್ತೇನೆ. ಅಂಗನವಾಡಿಯಲ್ಲಿ ತೂಕದ ದಾಖಲೆ, ಶಾಲೆಯಲ್ಲಿ ಹಾಜರಿ ಪುಸ್ತಕ ತೆಗೆಸುತ್ತೇನೆ. ಪ್ರತಿ ಸೋಮವಾರ ಗೈರುಹಾಜರಿ ಇದ್ದರೆ ಭಾನುವಾರ ಮನೆಯಲ್ಲಿ ಏನಾಗುತ್ತದೆ ಎಂದು ಕೇಳಲೇಬೇಕು.

ವರದಿಯಲ್ಲಿ "ತಂದೆ ಕುಡುಕ" ಎಂದು ಬರೆದರೆ ಅದು ಬೈಗುಳ, ಪುರಾವೆಯಲ್ಲ. "ಸಂಜೆ 7.20ಕ್ಕೆ ನಿಲ್ಲಲಾರದಷ್ಟು ಕುಡಿದಿದ್ದರು, ವಾರದಲ್ಲಿ ನಾಲ್ಕು ದಿನ ಹೀಗೇ ಎಂದು ಅಜ್ಜಿಯೂ ಪಕ್ಕದ ಮನೆಯವರೂ ಬೇರೆ ಬೇರೆಯಾಗಿ ಹೇಳಿದರು" ಎಂದು ಬರೆದರೆ ಮೇಲ್ಮನವಿಯಲ್ಲೂ ನಿಲ್ಲುತ್ತದೆ.

ಗಾಯದ ವಿಷಯದಲ್ಲಿ ಆತುರ ಬೇಡ. ಓಡಾಡುವ ಮಗುವಿಗೆ ಮೊಣಕಾಲು, ಹಣೆ ತರಚುವುದು ಸಹಜ. ಕಿವಿ, ಕತ್ತು, ಬೆನ್ನು, ಪೃಷ್ಠದ ಮೇಲೆ ಬಾಸುಂಡೆ ಇದ್ದರೆ ವೈದ್ಯರಿಗೆ ತೋರಿಸಲೇಬೇಕು. ಬಣ್ಣ ನೋಡಿ ಗಾಯ ಎಷ್ಟು ದಿನದ್ದೆಂದು ಊಹಿಸುವುದು ತಪ್ಪು. ಉತ್ತರ ಕರ್ನಾಟಕದ ಕೆಲವು ಊರುಗಳಲ್ಲಿ ಕೂಸಿಗೆ ಕಾಯಿಲೆಯೆಂದು ಹೊಟ್ಟೆಗೆ ಬರೆ ಹಾಕಿಸುತ್ತಾರೆ. ಅದೂ ಹಿಂಸೆಯೇ. ಆದರೆ ಆ ತಾಯಿಗೆ ಬೇಕಾದದ್ದು ಆಸ್ಪತ್ರೆ, ತಿಳಿವಳಿಕೆ. ಸಿಟ್ಟಿಗೆ ಸೌಟು ಕಾಯಿಸಿ ತೊಡೆಗೆ ಇಟ್ಟ ಮನೆಯ ಮಾತು ಬೇರೆ. ಅಲ್ಲಿ ಮಗುವಿನ ಮೇಲಿನ ಕ್ರೌರ್ಯಕ್ಕೆ ಶಿಕ್ಷೆ ಹೇಳುವ ಬಾಲನ್ಯಾಯ ಕಾಯ್ದೆಯ 75ನೇ ಕಲಂ ಅನ್ವಯಿಸುತ್ತದೆ.

ಮಗುವಿನ ಜೊತೆ ಮಾತಾಡುವಾಗ ಹೆತ್ತವರು ಎದುರಿಗಿರಬಾರದು. "ಅಪ್ಪ ಹೊಡೀತಾರಾ?" ಎಂದರೆ ಉತ್ತರ ನಾವೇ ಬಾಯಿಗೆ ಹಾಕಿದಂತೆ. "ನಿನ್ನೆ ಸ್ಕೂಲಿಂದ ಬಂದ್ಮೇಲೆ ಏನೇನಾಯ್ತು ಪುಟ್ಟಿ?" ಎಂದು ಕೇಳಿ ಸುಮ್ಮನಾಗಬೇಕು. ಮಗು "ಬರಿ ಹಾಕ್ಯಾರ" ಅಂದರೆ ಹಾಗೇ ಬರೆಯಿರಿ, ಕಚೇರಿ ಭಾಷೆಗೆ ತಿದ್ದಬೇಡಿ.

ಪೋಕ್ಸೊ (ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆ ಕಾಯ್ದೆ) ಪ್ರಕರಣದಲ್ಲಿ ಆರೋಪಿ ಅದೇ ಮನೆಯವನಾಗಿದ್ದರೆ, ಮಗುವನ್ನು ಮನೆಯಿಂದ ಹೊರಗಿಡಬೇಕೇ ಎಂದು ಸಮಿತಿ ಮೂರು ದಿನದಲ್ಲಿ ನಿರ್ಧರಿಸಬೇಕು. ಅಲ್ಲಿ ನಾನು ಘಟನೆಯ ಬಗ್ಗೆ ಮಗುವನ್ನು ಮತ್ತೆ ಕೇಳುವುದಿಲ್ಲ. ತಾಯಿ ಯಾರ ಪರ ನಿಲ್ಲುತ್ತಾಳೆ, ಅಜ್ಜಿ ಅಥವಾ ಚಿಕ್ಕಮ್ಮನ ಮನೆಯಲ್ಲಿ ಜಾಗವಿದೆಯೇ, ಮಗುವಿಗೆ ಎಲ್ಲಿರಲು ಇಷ್ಟ, ಇಷ್ಟು ತಿಳಿದರೆ ಸಾಕು.

ನನ್ನ ಎದೆ ಸುಡುವುದು ಬಡತನವನ್ನು ನಿರ್ಲಕ್ಷ್ಯವೆಂದು ಬರೆದಾಗ. ಒಂಟಿ ತಾಯಿ ಗಾರೆ ಕೆಲಸಕ್ಕೆ ಹೋಗಿ ಮಕ್ಕಳನ್ನು ಬಾಗಿಲು ಹಾಕಿ ಬಿಟ್ಟುಹೋದರೆ ಅವಳಿಗೆ ಬೇಕಾದದ್ದು ಕೂಸಿನ ಮನೆ (ಪಂಚಾಯಿತಿಯ ಶಿಶುಪಾಲನಾ ಕೇಂದ್ರ), ಅಂಗನವಾಡಿ, ಮಿಷನ್ ವಾತ್ಸಲ್ಯ ಎಂಬ ಸರ್ಕಾರಿ ಯೋಜನೆಯ ಪ್ರಾಯೋಜಕತ್ವ, ಅಂದರೆ ಮಗು ಮನೆಯಲ್ಲೇ ಬೆಳೆಯಲು ಕೊಡುವ ಸಹಾಯಧನ. ಅದರಲ್ಲಿ ತಿಂಗಳಿಗೆ 4,000 ರೂಪಾಯಿ ಸಿಗುತ್ತದೆ. ವಾರ್ಷಿಕ ಆದಾಯದ ಮಿತಿ ಗ್ರಾಮೀಣಕ್ಕೆ 72,000, ನಗರಕ್ಕೆ 96,000. ಈ ಅರ್ಜಿಯನ್ನು ವರದಿಯ ಜೊತೆಗೇ ಇಡುತ್ತೇನೆ.

ಬೇರೆ ಮಾಡಲೇಬೇಕಾದಾಗ ಅಣ್ಣ-ತಂಗಿ ಚದುರುತ್ತಾರೆ: ಬಾಲಕರ ಬಾಲಮಂದಿರ ಒಂದು ಕಡೆ, ಬಾಲಕಿಯರದ್ದು ಇನ್ನೊಂದು ಕಡೆ. ಅದಕ್ಕೇ ಇಬ್ಬರನ್ನೂ ಒಟ್ಟಿಗೆ ಇಟ್ಟುಕೊಳ್ಳುವ ಬಂಧುವನ್ನು ಮೊದಲ ದಿನವೇ ಹುಡುಕಬೇಕು. ಶಾಲೆಯ ಚೀಲ, ಮಾತ್ರೆ, ಹೊದ್ದು ಮಲಗುವ ಹಳೇ ಸೀರೆ ಕೂಡ ಮಗುವಿನ ಜೊತೆ ಹೋಗಲಿ.

ಮುಚ್ಚಳಿಕೆ ಬರೆಸಿಕೊಂಡು ಮನೆಗೆ ಕಳಿಸಿದ ಮಗುವನ್ನು ಒಂದು ವಾರದೊಳಗೆ, ಮುಂಚೆ ತಿಳಿಸದೆ, ಮೊದಲು ಶಾಲೆಯಲ್ಲಿ ನೋಡುತ್ತೇನೆ. ಆಮೇಲೆ ಮನೆಗೆ ಹೋಗುತ್ತೇನೆ.