ಒಂದೇ ಮಾಡಿನ ಕೆಳಗೆ ಕೋಳಿ, ಬಾತು: ಮಳೆಗಾಲ ದಾಟಿದ ನನ್ನ ಗೂಡು

ಉಡುಪಿಯ ಮಳೆಗೆ ಕೋಳಿ, ಬಾತು ಎರಡನ್ನೂ ಒಟ್ಟಿಗೆ ಸಾಕಲು ಆಗುವುದಿಲ್ಲ ಎಂದು ನಮ್ಮ ಹಿರಿಯಡ್ಕದ ಕಡೆ ಕೇಳಿದವರೆಲ್ಲ ಹೇಳಿದ್ದರು. "ಬಾತು ಬೇಡ ಮಾರಾಯ್ರೆ, ಅದರೊಟ್ಟಿಗೆ ಕೋಳಿಯೂ ಹೋಗ್ತದೆ." ಈಗ ಎರಡು ಮಳೆಗಾಲ ಕಳೆದಿದೆ. ಇಪ್ಪತ್ತು ಚಿಲ್ಲರೆ ಊರ ಕೋಳಿ, ಏಳೆಂಟು ಬಾತು ಇವೆ. ಜೋರು ಮಳೆಯ ಆಟಿ ತಿಂಗಳಲ್ಲೂ ಗೂಡಿನ ಬಾಗಿಲು ತೆಗೆದರೆ ಒದ್ದೆ ಹಿಕ್ಕೆಯ ಅಮೋನಿಯಾಕ್ಕೆ ಕಣ್ಣು ಉರಿಯುವುದಿಲ್ಲ. ಸಾಕಿದವರಿಗೆ ಇದರ ಅರ್ಥ ಗೊತ್ತು.

ಮೊದಲಿದ್ದದ್ದು ರೆಡಿಮೇಡ್ ಕಬ್ಬಿಣದ ಗೂಡು. ಸಾಗಾಟ ಸೇರಿ ಹದಿನೆಂಟು ಸಾವಿರ ಚಿಲ್ಲರೆ ಆಗಿತ್ತು. ಬಯಲುಸೀಮೆಗೆ ಅದು ಸರಿ ಇರಬಹುದು. ಇಲ್ಲಿ ಒಂದೇ ಮಳೆಗೆ ಕಾಲು ತುಕ್ಕು ಹಿಡಿಯಿತು. ಪಡುವಣ ಗಾಳಿಗೆ ಇರಚಲು ನೇರ ಒಳಗೆ. ಆರು ಮೂಲೆಯ ಕೋಳಿ ಮೆಶ್ಶನ್ನು ಕಬ್ಬೆಕ್ಕು ಒಂದೇ ರಾತ್ರಿ ಹರಿದು ಹಾಕಿತು, ಐದು ಹೇಟೆ (ಹೆಣ್ಣು ಕೋಳಿ) ಹೋದವು. ಆಮೇಲೆ ಗೂಡಿನ ನೆಲದ ಒದ್ದೆ ಹಾಸಿನಿಂದ ರಕ್ತಭೇದಿ ಶುರುವಾಗಿ ಹತ್ತು ಹನ್ನೆರಡು ಮರಿ ಸತ್ತವು. ಬೆಳೆದು ನಿಂತ ಮರಿಗಳು. ಆ ಬೇಜಾರು ಇನ್ನೂ ಹೋಗಿಲ್ಲ. ಗೂಡನ್ನು ಗುಜರಿಗೆ ಹಾಕಿದಾಗ ಎರಡು ಸಾವಿರವೂ ಸಿಗಲಿಲ್ಲ.

ಎರಡನೆಯದನ್ನು ನಾನೇ ಕಟ್ಟಿಸಿದೆ. ಮುರಕಲ್ಲಿನ ಕಂಬ, ಮೂರು ಅಡಿ ಎತ್ತರ, ಮೇಲೆ ಕೋಳಿಯ ಕೋಣೆ. ನೆಲಕ್ಕೆ ಅಡಿಕೆ ಮರದ ಸೀಳು, ನಡುವೆ ಹೆಚ್ಚುಕಮ್ಮಿ ಒಂದು ಇಂಚು ಸಂದು. ಹಿಕ್ಕೆ ಕೆಳಗೆ ಬೀಳುತ್ತದೆ, ಗುಡಿಸಿ ತೆಂಗಿನ ಬುಡಕ್ಕೆ ಹಾಕುತ್ತೇನೆ. ಗೂಡಿನ ಉದ್ದ ಪೂರ್ವ-ಪಶ್ಚಿಮ. ಪಶ್ಚಿಮದ ಗೋಡೆ ಪೂರ್ತಿ ಮುಚ್ಚಿದೆ, ಮಾಡು ಎಲ್ಲ ಕಡೆ ಮೂರು ಅಡಿ ಹೊರಗೆ ಚಾಚಿದೆ. ಮೆಶ್ ಅರ್ಧ ಇಂಚಿನ ವೆಲ್ಡ್ ಮೆಶ್ಶೇ ಆಗಬೇಕು. ಗೂಡಿನ ಸುತ್ತ ಮಣ್ಣಿನೊಳಗೆ ಒಂದೂವರೆ ಅಡಿ ಅದನ್ನು ಹೊರಕ್ಕೆ ಮಲಗಿಸಿ ಮುಚ್ಚಿದ್ದೇನೆ. ಮುಂಗುಸಿ ಬುಡದಲ್ಲಿ ಅಗೆಯುತ್ತದೆ, ಮೆಶ್ ತಾಗಿದಾಗ ಬಿಟ್ಟು ಹೋಗುತ್ತದೆ. ಒಟ್ಟು ಮೂವತ್ತೆರಡು ಮೂವತ್ತಮೂರು ಸಾವಿರ, ಅದರಲ್ಲಿ ಮೆಶ್ಶಿಗೇ ಹತ್ತರ ಹತ್ತಿರ.

ಬಾತಿಗೆ ಪಕ್ಕದಲ್ಲೇ ತಗ್ಗಿನ ಬದಿಗೆ ನೆಲದ ಕೋಣೆ. ಮಾಡು ಅದೇ, ನೆಲ ಬೇರೆ. ಕೋಳಿಯ ಕೆಳಗೆ ಮಾತ್ರ ಬಾತನ್ನು ಬಿಡಬೇಡಿ. ಬಾತು ನೀರು ಚೆಲ್ಲುತ್ತದೆ, ಹಾಸು ಒದ್ದೆಯಾಗುತ್ತದೆ, ಆಮೇಲೆ ಎಲ್ಲ ರೋಗ. ಹಾಗಾಗಿ ರಾತ್ರಿ ಕೋಣೆಯೊಳಗೆ ನೀರೂ ಇಲ್ಲ, ತಿಂಡಿಯೂ ಇಲ್ಲ. ಹೊರಗೆ ಎರಡು ಅಡಿ ಗುಂಡಿ ತೆಗೆದು ಜಲ್ಲಿ ತುಂಬಿಸಿ, ಮೇಲೆ ಮೆಶ್ ಹಾಕಿ, ನೀರಿನ ಟಬ್ಬು ಅಲ್ಲೇ ಇಟ್ಟಿದ್ದೇನೆ. ಕೊಕ್ಕು ಮೂಗಿನವರೆಗೆ ಮುಳುಗುವಷ್ಟು ಆಳ ಸಾಕು. ಗುಂಡಿಯ ನೀರು ಬಸಳೆ ಚಪ್ಪರಕ್ಕೆ ಹೋಗುತ್ತದೆ. ಅಂಥ ದಪ್ಪ ದಂಟಿನ ಬಸಳೆ ನಮ್ಮ ಓಣಿಯಲ್ಲಿ ಬೇರೆ ಯಾರಲ್ಲೂ ಇಲ್ಲ, ಇದನ್ನು ಧೈರ್ಯವಾಗಿ ಹೇಳುತ್ತೇನೆ. ಬಾತನ್ನು ಬೆಳಿಗ್ಗೆ ಎಂಟೂವರೆವರೆಗೆ ಹೊರಗೆ ಬಿಡುವುದಿಲ್ಲ. ಅವು ನಸುಕಿನಲ್ಲೇ ಇಡುವುದು, ಬೇಗ ಬಿಟ್ಟರೆ ಮೊಟ್ಟೆ ತೋಟದಲ್ಲಿ ಹುಡುಕಬೇಕು.

ಬಾತಿನ ಕೋಣೆಯ ನೆಲಕ್ಕೆ ಹಾಸಲು ಏನೇನೋ ಹಾಕಿ ನೋಡಿದೆ. ಮಿಲ್ಲಿನ ಮರದ ಹುಡಿ ಮುದ್ದೆ ಕಟ್ಟಿತು. ತೆಂಗಿನ ನಾರಿನ ಹುಡಿ ನೀರು ಹಿಡಿದರೆ ಬಿಡುವುದೇ ಇಲ್ಲ. ಬೈಹುಲ್ಲಿಗೆ ಬೂಷ್ಟು ಬಂತು, ಬಾತಿನ ಶ್ವಾಸಕ್ಕೆ ಅದು ವಿಷ. ನಿಂತದ್ದು ಬಡಗಿಯವರ ಕೀಸುಳಿ ಹೊಟ್ಟು, ಅಡಿಯಲ್ಲಿ ಮಾರ್ಚ್-ಏಪ್ರಿಲ್‌ನಲ್ಲಿ ಗುಡಿಸಿಟ್ಟ ಹಲಸು, ಮಾವಿನ ತರಗೆಲೆ. ಅದಕ್ಕೆ ಇನ್ನೊಂದು ವಸ್ತು ಬೆರೆಸುತ್ತೇನೆ. ಅದು ನನ್ನಲ್ಲೇ ಇರಲಿ. ಗೂಡು ನೋಡಲು ಬಂದವರಿಗೆ ತೋರಿಸುತ್ತೇನೆ.

ನಡುವೆ ಮಲ್ಪೆಯಿಂದ ಮೀನಿನ ತಲೆ ತಂದು ಬೇಯಿಸಿ ಹಾಕಿದ್ದೂ ಉಂಟು. ಬಾತು ಜೋರು ತಿಂದವು, ಮೊಟ್ಟೆ ಜಾಸ್ತಿಯಾಯಿತು, ಆದರೆ ಮೊಟ್ಟೆಗೂ ಮೀನಿನ ವಾಸನೆ. ಗಿರಾಕಿಗಳು ವಾಪಸು ಕೊಟ್ಟರು. ಮರುವಾಯಿ (ಕಪ್ಪೆಚಿಪ್ಪು) ಚಿಪ್ಪು ಕುಟ್ಟಿ ಇಟ್ಟದ್ದು ಮಾತ್ರ ಗೆದ್ದಿತು. ತೆಳು ಚಿಪ್ಪಿನ ಮೊಟ್ಟೆ ನಿಂತೇ ಹೋಯಿತು, ಖರ್ಚೂ ಇಲ್ಲ.

ಕಾವಿಗೆ ಕೂತ ಹೇಟೆಯ ಅಡಿಯಲ್ಲಿ ಬಾತಿನ ಮೊಟ್ಟೆಯನ್ನೂ ಇಟ್ಟೆ. ಕೋಳಿಗೆ 21 ದಿನ, ಬಾತಿಗೆ 28. ಎರಡೂ ಬೆರೆಸಿದರೆ ಹೇಟೆ ಕೋಳಿಮರಿ ಕರೆದುಕೊಂಡು ಎದ್ದು ಹೋಗುತ್ತದೆ, ಬಾತಿನ ಮೊಟ್ಟೆ ತಣ್ಣಗಾಗುತ್ತದೆ. ಬಾತಿನದ್ದೇ ಇಟ್ಟಾಗ ಹತ್ತರಲ್ಲಿ ಏಳು ಒಡೆದವು. ಆ ಮರಿಗಳಿಗೆ ಕೋಳಿಮರಿಯ ಆಹಾರ ಮಾತ್ರ ಕೊಟ್ಟರೆ ಕಾಲು ಸೋಲುತ್ತದೆ, ಅದರಲ್ಲಿ ನಯಾಸಿನ್ ಎಂಬ ವಿಟಮಿನ್ ಸಾಲುವುದಿಲ್ಲ. ಬ್ರೂವರ್ಸ್ ಈಸ್ಟ್ ಹುಡಿ ಸೇರಿಸಿ.

ಕೋಳಿಮರಿಗೆ ರಾಣಿಖೇತ್ (ಕೊಕ್ಕರೆ) ರೋಗದ ಲಸಿಕೆ, ಮೊದಲ ವಾರ ಲಸೋಟಾ, ಎಂಟನೇ ವಾರ ಆರ್‌ಟುಬಿ, ತಪ್ಪಿಸುವುದಿಲ್ಲ. ಕೋಳಿ ಮೊಟ್ಟೆ ಹದಿಮೂರು ಹದಿನಾಲ್ಕಕ್ಕೆ, ಬಾತಿನದ್ದು ಹದಿನೈದಕ್ಕೆ ಮನೆಯಿಂದಲೇ ಹೋಗುತ್ತದೆ. ತಿಂಡಿಯ ಖರ್ಚು ಕಳೆದು ಮೆಶ್ಶಿನ ದುಡ್ಡು ಬಂದಾಯಿತು. ಮುರಕಲ್ಲು, ಕೆಲಸದವರ ಕೂಲಿ ಬರಲು ಇನ್ನೊಂದು ವರ್ಷ ಬೇಕು.